ನಿರಾಶ್ರಿತ ಕುಟುಂಬ ಓಣಿಗೆ ಬಂದಾಗ: ಮೊದಲ ದಿನದಿಂದ ಆರನೇ ತಿಂಗಳವರೆಗೆ

ಗುಳೆ ಅಂದರೇನು ಎಂದು ಕಲಬುರಗಿ, ಬೀದರ, ಯಾದಗಿರಿಯ ಜನರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಮುಂಬೈ, ಪುಣೆ, ಹೈದರಾಬಾದಿಗೆ ಹೋದವರು ತಾಂಡಾ ತಾಂಡಾದಲ್ಲೂ ಇದ್ದಾರೆ. 1948ರಲ್ಲಿ ನಿಜಾಮನ ಪರವಾಗಿದ್ದ ರಜಾಕಾರರ ಹಾವಳಿಗೆ ಹೆದರಿ ಗಡಿ ದಾಟಿದ ಕುಟುಂಬಗಳ ನೆನಪು ಇಲ್ಲಿದೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಮನೆ ಬಿಟ್ಟು ಓಡಿದ ಮುಸ್ಲಿಂ ಕುಟುಂಬಗಳ ನೆನಪೂ ಇದೆ. ಅಷ್ಟೇ ಏಕೆ, ಕಲಬುರಗಿಯ ಖ್ವಾಜಾ ಬಂದೇನವಾಜರು 1398ರಲ್ಲಿ ದೆಹಲಿ ಬಿಟ್ಟದ್ದೇ ತೈಮೂರನ ದಾಳಿಯ ಕಾರಣಕ್ಕೆ.

ಆದರೆ ಗುಳೆ ಹೋದವರು ಜಾತ್ರೆಗೋ ಹಬ್ಬಕ್ಕೋ ಊರಿಗೆ ಬರುತ್ತಾರೆ. ನಿರಾಶ್ರಿತರಿಗೆ ಆ ದಾರಿ ಮುಚ್ಚಿದೆ. ಹಾಗಾಗಿ ಅವರಿಗೆ ಅಕ್ಕಿ ಬೇಳೆಗಿಂತ ಮೊದಲು ಬೇಕಾದವು ಎರಡು: ನೇರವಾದ ಕಾಗದ, ಮತ್ತು ಓಣಿಯಲ್ಲಿ ಪರಿಚಯ. ಇವೆರಡು ಕೈತಪ್ಪಿದರೆ ಉಳಿದ ಯಾವ ಸಹಾಯವೂ ನಿಲ್ಲುವುದಿಲ್ಲ. ಇಲ್ಲಿ ಹೇಳಿರುವುದು ಮಹಿಳಾ ಸಂಘ, ಮಸೀದಿ ಕಮಿಟಿ, ಮಠ, ಚರ್ಚು, ಕಾಲೇಜಿನ ಎನ್‌ಎಸ್‌ಎಸ್ ಘಟಕ, ಓಣಿಯ ಹಿರಿಯರು ಯಾರು ಬೇಕಾದರೂ ಮಾಡಬಹುದಾದ ಕೆಲಸ.

ಮೊದಲು: ಬಂದವರು ಯಾರು, ಕೈಯಲ್ಲಿ ಏನಿದೆ

"ನಿರಾಶ್ರಿತರು" ಎಂದು ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೂ 1967ರ ಪ್ರೋಟೋಕಾಲ್‌ಗೂ ಸಹಿ ಹಾಕಿಲ್ಲ. ನಮ್ಮಲ್ಲಿ ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. ಕಾನೂನಿನ ಕಣ್ಣಿಗೆ ಅವರು ವಿದೇಶಿಯರು. 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಅವರಿಗೆ ಅನ್ವಯಿಸುತ್ತದೆ. ಯಾವ ಸೌಲಭ್ಯ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದು ಅವರ ಕೈಯಲ್ಲಿರುವ ಚೀಟಿಯ ಮೇಲೆ ನಿಂತಿದೆ.

ಟಿಬೆಟನ್ನರ ಬಳಿ ಸರ್ಕಾರವೇ ಕೊಟ್ಟ ನೋಂದಣಿ ಪ್ರಮಾಣಪತ್ರ ಇರುತ್ತದೆ. ಬೈಲಕುಪ್ಪೆ, ಮುಂಡಗೋಡ ನೆಲೆಗಳಿಂದ ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರಿಗೆ ಹೋಗುವವರು ಅದನ್ನು ಜೊತೆಗೇ ಇಟ್ಟುಕೊಳ್ಳುತ್ತಾರೆ. ಶ್ರೀಲಂಕಾ ತಮಿಳರ ನೋಂದಣಿಯನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಗಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾ ಮುಂತಾದ ಕಡೆಯವರು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್‌ನ ದೆಹಲಿ ಕಚೇರಿಯಲ್ಲಿ ಅರ್ಜಿ ಹಾಕಿರುತ್ತಾರೆ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದ್ದರೆ ಒಂದು ಪ್ರಮಾಣಪತ್ರ, ನಿರಾಶ್ರಿತರೆಂದು ಒಪ್ಪಿದ ಮೇಲೆ ಕಾರ್ಡು. ಮೊದಲನೆಯದು ಇರುವವರನ್ನೇ ಆಶ್ರಯ ಕೋರಿದವರು ಅನ್ನುವುದು. ಇನ್ನು ಓದಲು ಬಂದಿದ್ದಾಗ ತಮ್ಮ ದೇಶದಲ್ಲಿ ಯುದ್ಧ ಶುರುವಾಗಿ ವಾಪಸ್ ಹೋಗಲಾರದೆ ಉಳಿದ ವಿದ್ಯಾರ್ಥಿ ವೀಸಾದವರು. ಇವರನ್ನು ಯಾರೂ ನಿರಾಶ್ರಿತರೆಂದು ಗುರುತಿಸುವುದೇ ಇಲ್ಲ. ವೀಸಾ ಅವಧಿ ಮುಗಿಯುವವರೆಗೂ ಅವರೂ ಬಾಯಿ ಬಿಡುವುದಿಲ್ಲ. ಕಾಲೇಜಿನವರು ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಕೂರಿಸಿ ಮಾತಾಡಿಸಬೇಕು.

ಯಾವ ಚೀಟಿಯೂ ಇಲ್ಲದವರು ಬಂದರೆ ಅದೇ ದಿನ ವಕೀಲರನ್ನು ಕಾಣಿಸಿ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಹೆಂಗಸರು, ಮಕ್ಕಳು, ಬಂಧನದಲ್ಲಿರುವವರು, ಮಾನವ ಸಾಗಾಟಕ್ಕೆ ಸಿಕ್ಕವರು, ಜನಾಂಗೀಯ ಹಿಂಸೆಗೆ ತುತ್ತಾದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ವಕೀಲರ ನೆರವು ಉಚಿತ. ಸಂವಿಧಾನದ 14 ಮತ್ತು 21ನೇ ವಿಧಿಗಳು "ಪ್ರಜೆ" ಎನ್ನುವುದಿಲ್ಲ, "ವ್ಯಕ್ತಿ" ಎನ್ನುತ್ತವೆ. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಜೀವದ ಹಕ್ಕು ಅವರಿಗೂ ಇದೆ, ಅದನ್ನು ಕಾಯುವುದು ರಾಜ್ಯದ ಹೊಣೆ ಎಂದಿತು. ಕಚೇರಿಯಲ್ಲಿ ಮಾತು ಬಿರುಸಾದಾಗ ಈ ಒಂದು ತೀರ್ಪು ನೆನಪಿರಲಿ.

ಕಾಗದ ನೋಡುವಾಗ ಕತೆ ಕೇಳಬೇಡಿ. "ಯಾಕ ಬಿಟ್ಟು ಬಂದ್ರಿ, ಯಾರ್ಯಾರು ಸತ್ರು" ಎಂಬ ಪ್ರಶ್ನೆ ಒಬ್ಬೊಬ್ಬರೂ ಕೇಳುತ್ತಾ ಹೋದರೆ ಆ ಮನೆಯವರು ಅದೇ ಗಾಯವನ್ನು ದಿನಕ್ಕೆ ಹತ್ತು ಸಲ ಕೆರೆದುಕೊಳ್ಳಬೇಕಾಗುತ್ತದೆ. ಮೂಲ ಪ್ರತಿ ಅವರ ಕೈಯಲ್ಲೇ ಇರಲಿ. ಜೆರಾಕ್ಸ್ ಮೂರು ಸೆಟ್ ಮಾಡಿಸಿ: ಒಂದು ಅವರಿಗೆ, ಒಂದು ವಕೀಲರಿಗೆ, ಒಂದು ನಿಮ್ಮಲ್ಲಿ ಜವಾಬ್ದಾರಿ ಹೊತ್ತ ಒಬ್ಬರಿಗೆ. ಮೊಬೈಲಿನಲ್ಲಿ ಫೋಟೋ ಹೊಡೆದು ಗ್ರೂಪಿಗೆ ಹಾಕುವುದು ಬೇಡವೇ ಬೇಡ.

ಹೊಣೆ ಹೊರುವವರು ಐದಾರು ಜನ ಸಾಕು

ಐವತ್ತು ಜನರ ಉತ್ಸಾಹ ಎರಡು ವಾರ ಇರುತ್ತದೆ. ಐದಾರು ಜನ ಆರು ತಿಂಗಳ ಮಾತು ಕೊಟ್ಟರೆ ಕೆಲಸ ಆಗುತ್ತದೆ. ಒಬ್ಬರಿಗೆ ಕಾಗದ ಮತ್ತು ಕಚೇರಿ, ಒಬ್ಬರಿಗೆ ಶಾಲೆ, ಒಬ್ಬರಿಗೆ ಆಸ್ಪತ್ರೆ, ಒಬ್ಬರಿಗೆ ದುಡ್ಡಿನ ಲೆಕ್ಕ, ಒಬ್ಬರಿಗೆ ಭಾಷೆ. ಕನಿಷ್ಠ ಇಬ್ಬರು ಹೆಂಗಸರಿರಬೇಕು. ಇಲ್ಲದಿದ್ದರೆ ಆ ಮನೆಯ ಹೆಣ್ಣುಮಕ್ಕಳ ತೊಂದರೆ ಹೊರಗೆ ಬರುವುದೇ ಇಲ್ಲ. ಒಂದೇ ಜಾತಿ, ಒಂದೇ ಧರ್ಮದವರ ತಂಡ ಕಟ್ಟಬೇಡಿ; ಓಣಿಯ ಉಳಿದರ್ಧ ಜನ ಅದನ್ನು "ಅವರ ಕೆಲಸ" ಎಂದು ದೂರ ಇಡುತ್ತಾರೆ.

ಹಣ ಊರಲ್ಲೇ ಕೂಡಿಸಿ. ವಿದೇಶದಲ್ಲಿರುವ ಗೆಳೆಯರು ದೇಣಿಗೆ ಕಳಿಸುತ್ತೇವೆಂದರೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಂಘ ವಿದೇಶಿ ಹಣ ಮುಟ್ಟುವಂತಿಲ್ಲ. ಒಳ್ಳೆಯ ಕೆಲಸಕ್ಕೇ ಬಂದ ಹಣವಾದರೂ ಕೇಸು ಕೇಸೇ.

ಮನೆ, ಫಾರ್ಮ್ III, ಪೊಲೀಸ್ ಕಚೇರಿ

ಇಲ್ಲಿ ಅವಸರ ಮಾಡಬಾರದು, ತಡವನ್ನೂ ಮಾಡಬಾರದು. ವಿದೇಶಿಯರಿಗೆ ಮನೆ ಅಥವಾ ಕೋಣೆ ಕೊಟ್ಟವರು, ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಫಾರ್ಮ್ IIIರಲ್ಲಿ (ಹಿಂದೆ ಇದಕ್ಕೆ ಫಾರ್ಮ್ ಸಿ ಎನ್ನುತ್ತಿದ್ದರು) ಸಲ್ಲಿಸಬೇಕು. ಇದು ಲಾಡ್ಜಿಗೆ ಮಾತ್ರ ಅಂದುಕೊಂಡವರೇ ಹೆಚ್ಚು. ಮನೆ ಮಾಲೀಕರಿಗೂ, ಧರ್ಮಶಾಲೆಗೂ, ಹಾಸ್ಟೆಲ್‌ಗೂ ಅದೇ ನಿಯಮ. ವಿದೇಶಿಯರ ನೋಂದಣಿ ಕಚೇರಿಯ (ಎಫ್‌ಆರ್‌ಆರ್‌ಒ) ಜಾಲತಾಣದಲ್ಲಿ ಮಾಲೀಕರು ತಮ್ಮ ಹೆಸರಲ್ಲಿ ಒಮ್ಮೆ ಲಾಗಿನ್ ಮಾಡಿಕೊಳ್ಳಬೇಕು. ಆಮೇಲೆ ಬಂದವರ ಫೋಟೋ, ಪಾಸ್‌ಪೋರ್ಟ್ ಮತ್ತು ವೀಸಾ ಸಂಖ್ಯೆ, ಎಲ್ಲಿಂದ ಬಂದರು, ಯಾವ ದಿನ ಬಂದರು ಎಂಬುದನ್ನು ತುಂಬಬೇಕು. ಲಾಗಿನ್ ಕೆಲಸವನ್ನು ಕುಟುಂಬ ಬರುವ ಮೊದಲೇ ಮುಗಿಸಿಟ್ಟುಕೊಳ್ಳಿ. ಬಂದ ರಾತ್ರಿ ಕೂತರೆ 24 ಗಂಟೆ ಸಾಲದು.

ಪಾಸ್‌ಪೋರ್ಟ್ ಇಲ್ಲದವರ ವಿಷಯದಲ್ಲಿ ಫಾರ್ಮ್ ಪೂರ್ತಿಯಾಗುವುದಿಲ್ಲ. ಆಗ ವಕೀಲರನ್ನು ಜೊತೆಗಿಟ್ಟುಕೊಂಡು, ಇರುವ ಚೀಟಿಯ ಪ್ರತಿ ಲಗತ್ತಿಸಿ, ಲಿಖಿತವಾಗಿ ತಿಳಿಸಿ. ಅರ್ಜಿ ಎರಡು ಪ್ರತಿ ಇರಲಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಿ ಕೆಲಸ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯದು. ಕಲಬುರಗಿ ನಗರದೊಳಗಿದ್ದರೆ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವಿಚಾರಿಸಿ. ಮುಚ್ಚಿಟ್ಟು ಕಾಪಾಡುತ್ತೇವೆ ಅಂದುಕೊಳ್ಳುವುದು ದೊಡ್ಡ ತಪ್ಪು. ಮುಂದೆ ಯಾರೋ ದೂರು ಕೊಟ್ಟಾಗ ನಿಮ್ಮ ಒಳ್ಳೆಯತನವೇ ಅವರ ಮೇಲಿನ ಅನುಮಾನಕ್ಕೆ ಕಾರಣವಾಗುತ್ತದೆ.

ಬೇಸಿಗೆಯ ಒಂದು ಮಾತು: ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಊಟ ಮುಗಿಸಿ ಹೋಗೋಣ ಎಂದರೆ ಬಿಸಿಲಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬಾಗಿಲು ನೋಡಿ ಬರಬೇಕಾಗುತ್ತದೆ.

ಬಾಡಿಗೆ ಕರಾರು 11 ತಿಂಗಳಿಗೆ, ಇ-ಸ್ಟ್ಯಾಂಪ್ ಕಾಗದದ ಮೇಲೆ ಮಾಡಿಸಿ. ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಕರೆಂಟ್ ಬಿಲ್ ಯಾರು ಕಟ್ಟಬೇಕು, ಮುಂಗಡ ಎಷ್ಟು, ಬಿಡುವಾಗ ಎಷ್ಟು ಹಿಡಿಯುತ್ತಾರೆ, ಎಲ್ಲ ಬರೆದಿರಲಿ. ಕೆಲವು ಮಾಲೀಕರು ಹೊರಗಿನವರೆಂದು ತಿಳಿದು ಬಾಡಿಗೆ ಏರಿಸಿ ಹೇಳುತ್ತಾರೆ. ಪಕ್ಕದ ಮನೆಯ ಬಾಡಿಗೆ ಎಷ್ಟೆಂದು ಮೊದಲೇ ಕೇಳಿಟ್ಟುಕೊಂಡು ಹೋಗಿ.

ಎಲ್ಲಕ್ಕಿಂತ ಹೆಚ್ಚು ಅನಾಹುತ ಮಾಡುವುದು ಆಧಾರ್. "ನಮ್ಮ ಮನೆ ವಿಳಾಸ ಹಾಕಿ ಮಾಡಿಸಿಬಿಡೋಣ" ಎಂದು ಯಾರಾದರೂ ಪ್ರೀತಿಯಿಂದಲೇ ಹೇಳುತ್ತಾರೆ. ಸುಳ್ಳು ಮಾಹಿತಿ ಕೊಟ್ಟು ಆಧಾರ್, ಮತದಾರರ ಚೀಟಿ ಮಾಡಿಸುವುದು ಅಪರಾಧ. ಒಮ್ಮೆ ಸಿಕ್ಕಿಬಿದ್ದರೆ ಆ ಕುಟುಂಬದ ನಿರಾಶ್ರಿತ ಅರ್ಜಿಯೇ ಕುಸಿಯುತ್ತದೆ, ಜೈಲು ಸೇರುವುದೂ ಅವರೇ. ಯುಎನ್‌ಎಚ್‌ಸಿಆರ್ ಕಾರ್ಡ್ ಒಂದರ ಆಧಾರದ ಮೇಲೆ ಆಧಾರ್ ಸಿಗುವುದಿಲ್ಲ. ನಿಮ್ಮ ಹೆಸರಿನ ಸಿಮ್, ಬ್ಯಾಂಕ್ ಖಾತೆ, ಯುಪಿಐ ಅವರ ಬಳಕೆಗೆ ಕೊಡುವುದೂ ಅದೇ ಜಾತಿಯ ತಪ್ಪು. ಯುಎನ್‌ಎಚ್‌ಸಿಆರ್ ನೋಂದಣಿ ಪೂರ್ತಿ ಉಚಿತ. ದುಡ್ಡು ಕೊಟ್ಟರೆ ಕಾರ್ಡ್ ಮಾಡಿಸುತ್ತೇನೆ ಎನ್ನುವವರು ಮೋಸಗಾರರೇ. ಸಂದರ್ಶನಕ್ಕೆ ದೆಹಲಿಗೆ ಕರೆದರೆ, ಯಾದಗಿರಿ, ವಾಡಿ, ಕಲಬುರಗಿಯ ಮೂಲಕವೇ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ಮೂಲ ಚೀಟಿ, ಕರೆದ ಪತ್ರದ ಪ್ರತಿ, ವಕೀಲರ ಫೋನ್ ನಂಬರ್ ಜೇಬಲ್ಲಿರಲಿ.

ವದಂತಿಗಿಂತ ಮೊದಲು ಪರಿಚಯ

2018ರ ಜುಲೈನಲ್ಲಿ ಹೈದರಾಬಾದಿನಿಂದ ಬೀದರ ಜಿಲ್ಲೆಗೆ ಕಾರಿನಲ್ಲಿ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅವರಲ್ಲೊಬ್ಬ ಕತಾರ್ ದೇಶದವ. ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸಾಪಿನಲ್ಲಿ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಊರಿನ ಹತ್ತಿರ ಅಡ್ಡಗಟ್ಟಿದ ಗುಂಪು ಹೊಡೆದ ಹೊಡೆತಕ್ಕೆ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಇದು ನಮ್ಮದೇ ಜಿಲ್ಲೆಯಲ್ಲಿ ಆದದ್ದು. ಗುರುತಿಲ್ಲದ ಮುಖ ಮತ್ತು ಒಂದು ಫಾರ್ವರ್ಡ್ ಮೆಸೇಜು, ಎರಡೇ ಸಾಕಾದವು.

ಹಾಗಾಗಿ ಹೊಸ ಕುಟುಂಬ ಬಂದ ಮೊದಲ ವಾರದಲ್ಲೇ, ಮನೆಯ ಯಜಮಾನ ಮತ್ತು ಯಜಮಾನಿಯನ್ನು ಒಪ್ಪಿಸಿ, ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಅಕ್ಕಪಕ್ಕದ ನಾಲ್ಕು ಮನೆ. ಆಮೇಲೆ ಕಿರಾಣಿ ಅಂಗಡಿ, ಹಾಲಿನವರು, ಆಟೋ ಸ್ಟ್ಯಾಂಡು, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಬೀಟ್ ಪೊಲೀಸ್, ವಾರ್ಡ್ ಸದಸ್ಯರು ಅಥವಾ ಪಂಚಾಯಿತಿ ಸದಸ್ಯರು. ಒಂದು ಸಂಜೆಗೆ ಆಗುವ ಕೆಲಸವಲ್ಲ, ಮೂರು ಸಂಜೆ ಇಡಿ. ಸಭೆ ಕರೆದು ಮೈಕ್ ಹಿಡಿದು ಪರಿಚಯ ಮಾಡಿಸಬೇಡಿ. ನೂರು ಜನ ಒಬ್ಬರನ್ನು ನೋಡುವುದು ಪರಿಚಯವಲ್ಲ. ಹೇಳಬೇಕಾದದ್ದು ಹೆಸರು, ಎಷ್ಟು ಮಕ್ಕಳು, ಯಾವ ಮನೆಯಲ್ಲಿದ್ದಾರೆ, ಏನಾದರೂ ಅನುಮಾನ ಬಂದರೆ ಯಾರಿಗೆ ಫೋನ್ ಮಾಡಬೇಕು. ಅವರ ದೇಶದ ರಾಜಕೀಯ, ಅವರು ಅನುಭವಿಸಿದ ಹಿಂಸೆ ಬೇಡ.

ಓಣಿಯ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಜೊತೆ ಬೇರೆಯಾಗಿ ಮಾತಾಡಿ. "ಯಾರೋ ಹೊಸಬರು ತಿರುಗಾಡಲತಾರ" ಎಂಬ ಮೆಸೇಜ್ ಬಂದರೆ ಹತ್ತು ನಿಮಿಷದೊಳಗೆ ಉತ್ತರ ಹಾಕುವ ಇಬ್ಬರು ಯಾರೆಂದು ಮೊದಲೇ ತೀರ್ಮಾನವಾಗಿರಲಿ. ಜನ ಸೇರಲು ಶುರುವಾದರೆ ವಾದಕ್ಕೆ ನಿಲ್ಲಬೇಡಿ, 112ಕ್ಕೆ ಫೋನ್ ಮಾಡಿ, ಕುಟುಂಬದವರನ್ನು ಮನೆಯೊಳಗೆ ಇರಿಸಿ.

ಅಡುಗೆಮನೆ

ಮೊದಲ ತಿಂಗಳಿಗೆ, ಐದು ಜನರ ಮನೆಗೆ: ಅಕ್ಕಿ 25 ಕೆ.ಜಿ., ಗೋಧಿ ಹಿಟ್ಟು 15, ತೊಗರಿ ಬೇಳೆ 4, ಎಣ್ಣೆ 4 ಲೀಟರ್, ಸಕ್ಕರೆ 3 ಕೆ.ಜಿ., ಉಳ್ಳಾಗಡ್ಡಿ 5, ಚಹಾಪುಡಿ ಅರ್ಧ ಕೆ.ಜಿ., ಉಪ್ಪು, ಖಾರ, ಅರಿಶಿಣ. ಜೋಳದ ಹಿಟ್ಟು ಕೊಡುವ ಮೊದಲು ಕೇಳಿ. ನಮಗೆ ರೊಟ್ಟಿ ಇಲ್ಲದ ಊಟ ಊಟವಲ್ಲ, ಆದರೆ ಬಡಿಯಲು ಬಾರದವರಿಗೆ ಹತ್ತು ಕೆ.ಜಿ. ಜೋಳದ ಹಿಟ್ಟು ಹುಳ ಬೀಳುವ ಸಾಮಾನು. ಮಾಂಸದ ವಿಷಯದಲ್ಲಿ ಊಹೆ ಬೇಡ, ಅವರೇ ಕೊಂಡುಕೊಳ್ಳಲಿ. ಎರಡನೇ ತಿಂಗಳಿನಿಂದ ಸಾಮಾನಿನ ಬದಲು ಕೈಗೆ ದುಡ್ಡು ಕೊಡುವುದು ಒಳ್ಳೆಯದು. ಸಂತೆಗೆ ಹೋಗಿ ಆರಿಸಿ ತಂದು ಬೇಯಿಸುವುದರಲ್ಲಿ ಮನೆ ಮತ್ತೆ ಮನೆಯಾಗುತ್ತದೆ. ಗ್ಯಾಸಿಗೆ 5 ಕೆ.ಜಿ.ಯ ಸಣ್ಣ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆ, ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ರೇಷನ್ ಕಾರ್ಡ್ ಸಿಗುತ್ತದೆಂದು ಆಸೆ ಹುಟ್ಟಿಸಬೇಡಿ.

ಕಲಬುರಗಿಯ ಶರಣಬಸವೇಶ್ವರರ ದಾಸೋಹ, ಬೀದರದ ನಾನಕ್ ಝೀರಾ ಗುರುದ್ವಾರದ ಲಂಗರ್ ಎಂದರೆ ಯಾರು ಎಂದು ಕೇಳದೆ ಬಡಿಸುವ ಪಂಕ್ತಿಗಳು. ಬಂದ ಮೊದಲ ದಿನಗಳಲ್ಲಿ ಒಲೆ ಹೊತ್ತುವ ತನಕ ಅಲ್ಲಿಗೆ ಕರೆದೊಯ್ಯಿರಿ. ಸಾಮಾನು ಕೊಡುವ ಫೋಟೋ ತೆಗೆಯಬೇಡಿ. ಅವಮಾನ ಒಂದು ಮಾತಾಯಿತು. ಅವರ ಮುಖ ಅಂತರ್ಜಾಲದಲ್ಲಿ ಕಂಡರೆ ಊರಲ್ಲಿ ಉಳಿದ ಅವರ ಬಂಧುಗಳಿಗೆ ಅಪಾಯ.

ಮಾತು ಕಲಿಸುವುದು

ಪಠ್ಯಪುಸ್ತಕದ ಕನ್ನಡದಿಂದ ಶುರು ಮಾಡಬೇಡಿ. "ಇದರ ಬೆಲೆ ಎಷ್ಟು" ಎಂದು ಕಲಿತವರು ಸಂತೆಯಲ್ಲಿ "ಹೆಂಗ್ ಕೊಟ್ರಿ?" ಎಂಬ ಮಾತು ಕೇಳಿ ಕಕ್ಕಾಬಿಕ್ಕಿಯಾಗುತ್ತಾರೆ. ಒಂದು ಪಾಠ ಹೀಗಿರಲಿ: 40 ನಿಮಿಷ, ಹನ್ನೆರಡು ಮಾತು, ಒಂದೇ ಜಾಗ. ಮೊದಲ ಪಾಠ ಕಾಯಿಪಲ್ಯೆ ಸಂತೆ. ಒಂದು, ಎರಡು, ಹತ್ತು, ಇಪ್ಪತ್ತು. ಪಾವ್ ಕಿಲೋ, ಅರ್ಧಾ ಕಿಲೋ. ಹೆಂಗ್ ಕೊಟ್ರಿ, ಕಮ್ಮಿ ಮಾಡ್ರಿ, ಇದು ಬ್ಯಾಡ್ರಿ, ಇಷ್ಟ ಸಾಕ್ರಿ, ಚಿಲ್ಲರ ಕೊಡ್ರಿ, ಬರ್ತೀನ್ರಿ. ಕೊನೆಯ ಹತ್ತು ನಿಮಿಷ ನಿಜವಾದ ಅಂಗಡಿಗೆ ಹೋಗಿ ಕಾಲು ಕಿಲೋ ಬದನೆಕಾಯಿ ಅವರೇ ಕೊಳ್ಳಲಿ, ನೀವು ಎರಡು ಹೆಜ್ಜೆ ಹಿಂದೆ ನಿಲ್ಲಿ. ಮೊದಲ ದಿನವೇ "ರಿ" ಕಲಿಸಿ. ಈ ಒಂದಕ್ಷರ ಹಚ್ಚಿ ಮಾತಾಡಿದವರನ್ನು ನಮ್ಮ ಕಡೆ ಯಾರೂ ಒರಟರು ಅನ್ನುವುದಿಲ್ಲ. ಅದಿಲ್ಲದೆ "ಕೊಡು" ಎಂದರೆ ಅಂಗಡಿಯವರ ಮುಖ ಗಂಟಿಕ್ಕುತ್ತದೆ, ಯಾಕೆಂದು ಹೊಸಬರಿಗೆ ತಿಳಿಯುವುದೂ ಇಲ್ಲ.

ಎರಡನೇ ಪಾಠ ಬಸ್ ಸ್ಟ್ಯಾಂಡು, ಬಸ್ಸಿನ ಬೋರ್ಡಿಗಾಗಿ ಕನ್ನಡ ಅಂಕಿ ಮತ್ತು ಊರಿನ ಹೆಸರು. ಮೂರನೆಯದು ಆಸ್ಪತ್ರೆ: ನೋವು, ಜ್ವರ, ಎಷ್ಟ್ ದಿನದಿಂದ, ಗುಳಿಗಿ ಯಾವಾಗ ತಗೋಬೇಕ್ರಿ. ಹಿಂದಿ ಅಥವಾ ಉರ್ದು ಅಷ್ಟಿಷ್ಟು ಬರುವವರಿಗೆ ನಮ್ಮ ದಖನಿ ಮಾತು ದೊಡ್ಡ ಆಸರೆ. ಆದರೆ ಅದರಲ್ಲೇ ನಿಂತರೆ ಕಚೇರಿಯ ಫಾರ್ಮು, ಮಕ್ಕಳ ಪುಸ್ತಕ ಎರಡೂ ದೂರವೇ ಉಳಿಯುತ್ತವೆ.

ಮನೆಯ ಮಗುವನ್ನು ದುಭಾಷಿ ಮಾಡಬೇಡಿ. ಮಕ್ಕಳು ಬೇಗ ಕಲಿಯುತ್ತಾರೆ ಎಂಬುದು ನಿಜ. ಆದರೆ ಅಮ್ಮನ ಹೆರಿಗೆ ನೋವನ್ನೋ ಅಪ್ಪ ಅನುಭವಿಸಿದ ಹೊಡೆತವನ್ನೋ ಹತ್ತು ವರ್ಷದ ಹುಡುಗಿ ಡಾಕ್ಟರಿಗೆ ಬಿಡಿಸಿ ಹೇಳುವಂತಾಗಬಾರದು.

ಶಾಲೆ

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅನ್ವಯಿಸುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು. ಎಡವಟ್ಟಾಗುವುದು ಆಧಾರ್ ಕೇಳುವ ಕಂಪ್ಯೂಟರ್ ದಾಖಲಾತಿಯಲ್ಲಿ. ಮುಖ್ಯ ಗುರುಗಳ ಜೊತೆ ಜಗಳ ಮಾಡದೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ತಲುಪಿಸಿ. ಅಷ್ಟಕ್ಕೇ ಬಹಳಷ್ಟು ಸಲ ದಾರಿಯಾಗುತ್ತದೆ. ವಿದೇಶಿ ವಿದ್ಯಾರ್ಥಿಗಳ ವಿವರ ಕೊಡುವುದು ಶಾಲೆ ಕಾಲೇಜುಗಳ ಹೊಣೆ ಎಂಬುದನ್ನೂ ಅವರಿಗೆ ನೆನಪಿಸಿ, ಆಮೇಲೆ ಅವರಿಗೆ ತೊಂದರೆ ಬೇಡ.

ಕನ್ನಡ ಮಾಧ್ಯಮವೋ ಉರ್ದು ಮಾಧ್ಯಮವೋ? ಎಂಟು ವರ್ಷದೊಳಗಿನ ಮಕ್ಕಳನ್ನು ನೇರ ಕನ್ನಡಕ್ಕೆ ಹಾಕಿ. ದೀಪಾವಳಿಯ ಹೊತ್ತಿಗೆ ಅವರು ಮಾತಾಡುತ್ತಿರುತ್ತಾರೆ. ಹನ್ನೆರಡು ದಾಟಿದ, ಉರ್ದು ಓದಬಲ್ಲ ಮಗುವಿಗೆ ಉರ್ದು ಶಾಲೆಯೇ ಮೇಲು, ಇಲ್ಲವಾದರೆ ಶಾಲೆ ಬಿಟ್ಟೇಬಿಡುವ ಅಪಾಯವಿದೆ. ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ತಿನ್ನದವರಿಗೆ ಬಾಳೆಹಣ್ಣು ಇರುತ್ತದೆಂದು ತಾಯಂದಿರಿಗೆ ತಿಳಿಸಿ. ಆರು ವರ್ಷದೊಳಗಿನವರಿಗೆ ಅಂಗನವಾಡಿ.

ಆಸ್ಪತ್ರೆ, ಬಿಸಿಲು, ನಿದ್ದೆ ಬಾರದ ರಾತ್ರಿ

ಪ್ರಾಥಮಿಕ ಆರೋಗ್ಯ ಕೇಂದ್ರ, ಕಲಬುರಗಿಯ ಜಿಮ್ಸ್, ಬೀದರದ ಬ್ರಿಮ್ಸ್, ಯಾದಗಿರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ದಾರಿ ಮೊದಲ ವಾರವೇ ತೋರಿಸಿ. ಆಂಬುಲೆನ್ಸಿನ 108 ನಂಬರನ್ನು ಗೋಡೆಗೆ ಅಂಟಿಸಿ. ಲಸಿಕೆ ಚೀಟಿ ಕಳೆದಿದ್ದರೆ ಚಿಂತೆ ಬೇಡ, ವಯಸ್ಸು ನೋಡಿ ಬಾಕಿ ಲಸಿಕೆ ಹಾಕುತ್ತಾರೆ. ಬಸುರಿ ಇದ್ದರೆ ಆಶಾ ಕಾರ್ಯಕರ್ತೆಗೆ ಕೂಡಲೇ ತಿಳಿಸಿ. ಹೆರಿಗೆಯಾದ 21 ದಿನದೊಳಗೆ ಜನನ ನೋಂದಣಿ ಮಾಡಿಸಿ. ಅದು ಪೌರತ್ವದ ಕಾಗದವಲ್ಲ, ಆದರೆ ಆ ಮಗು ಹುಟ್ಟಿದ್ದಕ್ಕೆ ಲೋಕದಲ್ಲಿರುವ ಒಂದೇ ಪುರಾವೆ ಅದೇ ಆಗಬಹುದು.

ನಮ್ಮ ಬೇಸಿಗೆ 42 ಡಿಗ್ರಿ ದಾಟುತ್ತದೆ. ತಂಪು ನಾಡಿನಿಂದ ಬಂದವರಿಗೆ ಅದರ ಅಂದಾಜಿರುವುದಿಲ್ಲ. ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಬೇಡ ಎಂದು ಮಾರ್ಚ್‌ನಲ್ಲೇ ಹೇಳಿ, ಒಂದು ಮಣ್ಣಿನ ಗಡಿಗೆ ಕೊಡಿಸಿ. ಮೈಯ ನೀರಿನಂಶ ಇಳಿದಾಗ ಕುಡಿಯಲು, ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಕಲಸಲು ತೋರಿಸಿ. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಕೆಡುಕೇ ಆಗುತ್ತದೆ.

ಎರಡು ಮೂರು ತಿಂಗಳಾದ ಮೇಲೆ, ಎಲ್ಲ ಸರಿಹೋಯಿತು ಅನ್ನಿಸುವಾಗ, ಕೆಲವರು ಮಂಕಾಗುತ್ತಾರೆ. ಓಡುವ ಅವಸರ ಮುಗಿದ ಮೇಲೆಯೇ ಕಳಕೊಂಡದ್ದರ ಲೆಕ್ಕ ಮನಸ್ಸಿಗೆ ಬರುವುದು. ನಿದ್ದೆ ಬರುವುದಿಲ್ಲ, ಸಣ್ಣ ಸದ್ದಿಗೆ ಬೆಚ್ಚುತ್ತಾರೆ, ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಕೃತಜ್ಞತೆ ಇಲ್ಲದವರು ಎಂದು ತಂಡದವರು ಬೇಸರ ಮಾಡಿಕೊಳ್ಳುವುದೂ ಇದೇ ಹೊತ್ತಿನಲ್ಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೂ ಕರೆದೊಯ್ಯಬಹುದು. ಹಬ್ಬದಲ್ಲಿ ಪಟಾಕಿ ಸಿಡಿಯುವ ಸದ್ದು ಅವರಿಗೆ ಬೇರೆಯೇ ಅರ್ಥ ಕೊಡುತ್ತದೆ. ದೀಪಾವಳಿಗೆ, ಮದುವೆ ಮೆರವಣಿಗೆಗೆ ಮುಂಚೆ "ಇವತ್ತು ಪಟಾಕಿ ಇದೆ" ಎಂದು ಬಾಗಿಲು ತಟ್ಟಿ ಹೇಳಿ ಬನ್ನಿ.

ಕೆಲಸ

ಯುಎನ್‌ಎಚ್‌ಸಿಆರ್ ಕಾರ್ಡ್ ಒಂದೇ ಇದ್ದರೆ ಕೆಲಸದ ಹಕ್ಕು ಬರುವುದಿಲ್ಲ, ವಿದ್ಯಾರ್ಥಿ ವೀಸಾಕ್ಕೂ ಬರುವುದಿಲ್ಲ. ದೀರ್ಘಾವಧಿ ವೀಸಾ ಸಿಕ್ಕವರು ಖಾಸಗಿ ಕೆಲಸ ಮಾಡಬಹುದು, ಓದಬಹುದು. ಆ ಅರ್ಜಿಯನ್ನು ನೋಂದಣಿ ಕಚೇರಿಯ ಮೂಲಕ ಹಾಕಬೇಕು, ವಕೀಲರ ಕೈಯಿಂದಲೇ ಬರೆಸಿ. ಕಾಗದ ಇಲ್ಲದವರನ್ನು ಇಟ್ಟಂಗಿ ಭಟ್ಟಿಗೋ ಗೋದಾಮಿಗೋ ಅರ್ಧ ಕೂಲಿಗೆ ಕರೆಯುವವರು ಬರುತ್ತಾರೆ. ಅವರು ಪೊಲೀಸರಿಗೆ ಹೋಗಲಾರರು ಎಂಬ ಧೈರ್ಯವೇ ಆ ಅರ್ಧ ಕೂಲಿಯ ಹಿಂದಿರುವುದು. ಮುಂಗಡ ಕೊಟ್ಟು ಕುಟುಂಬ ಸಮೇತ ಕರೆದೊಯ್ಯುತ್ತೇವೆ ಎಂದರೆ ಅದು ಜೀತ. ಕೂಡಲೇ ವಕೀಲರಿಗೆ ತಿಳಿಸಿ. ಕೆಲಸದ ದಾರಿ ಇಲ್ಲದ ಮನೆಗೆ ಬಾಡಿಗೆ, ದಿನಸಿ ಆರು ತಿಂಗಳಿಗಿಂತ ಮುಂದೂ ಬೇಕಾಗುತ್ತದೆ ಎಂದು ಲೆಕ್ಕ ಹಾಕಿಯೇ ಹಣ ಕೂಡಿಸಿ.

ಪಕ್ಕದ ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಅರ್ಧ ಶತಮಾನದಿಂದ ಇವೆ. ಅವರಿಗೆ ಊರಲ್ಲಿ ನೆಲೆ ಸಿಕ್ಕಿದ್ದು ಜಮೀನು ಉತ್ತು ಬಿತ್ತುವುದಕ್ಕೆ ಅವಕಾಶ ಇದ್ದದ್ದರಿಂದ. ದುಡಿಮೆಯ ಬಾಗಿಲು ತೆರೆಯುವವರೆಗೆ ಯಾವ ಸ್ವಾಗತವೂ ಅರ್ಧವೇ.

ಅವರು ಹೊರಟಾಗ

ಬಹಳ ಕುಟುಂಬಗಳು ವರ್ಷದೊಳಗೆ ಬೇರೆ ಊರಿಗೆ, ಬೇರೆ ದೇಶಕ್ಕೆ ಹೋಗುತ್ತವೆ. ಅದು ನಿಮ್ಮ ಸೋಲಲ್ಲ. ಹೊರಡುವ ಮೊದಲು ವಿಳಾಸ ಬದಲಾವಣೆಯನ್ನು ನೋಂದಣಿ ಕಚೇರಿಗೂ ಯುಎನ್‌ಎಚ್‌ಸಿಆರ್‌ಗೂ ತಿಳಿಸಲು ನೆರವಾಗಿ, ಇಲ್ಲದಿದ್ದರೆ ಸಂದರ್ಶನದ ಪತ್ರ ಹಳೆಯ ಮನೆಗೆ ಬಂದು ಅರ್ಜಿ ಮುಚ್ಚಿಹೋಗುತ್ತದೆ. ಮಕ್ಕಳ ವರ್ಗಾವಣೆ ಪತ್ರ, ಲಸಿಕೆ ಚೀಟಿ, ಆಸ್ಪತ್ರೆಯ ಫೈಲು ಒಂದೇ ಚೀಲದಲ್ಲಿರಲಿ. ಮಾಲೀಕರಿಂದ ಮುಂಗಡ ಎದುರಲ್ಲೇ ಎಣಿಸಿ ಕೊಡಿಸಿ. ನಿಮ್ಮಲ್ಲಿದ್ದ ಜೆರಾಕ್ಸ್ ಸೆಟ್ ಅವರಿಗೇ ವಾಪಸ್ ಕೊಟ್ಟು, ಫೋನಿನಲ್ಲಿ ಉಳಿದ ಫೋಟೋಗಳನ್ನು ಅವರ ಕಣ್ಣೆದುರೇ ಅಳಿಸಿ.